ಡಿಸ್ಕ್ ಕಾಣ್ಲಿಲ್ಲ ಅಂದ ಕೂಡ್ಲೆ ‘ಫಾರ್ಮ್ಯಾಟ್’ಗೆ ಹೂಂ ಅನ್ನಬ್ಯಾಡ್ರಿ

ಈ ಸಲ ಬರೆಯೋದು ಹಪ್ಪಳ ಸಂಡಿಗೆ ವಿಷಯ ಅಲ್ಲ, ಕಂಪ್ಯೂಟರ್ ಡಿಸ್ಕಿನ ವಿಷಯ. “ಅದು ನಮಗ್ಯಾಕೆ, ಹುಡುಗ್ರು ನೋಡ್ಕೊಂತಾರೆ” ಅಂತ ಅರ್ಧಕ್ಕೇ ಬಿಡಬ್ಯಾಡ್ರಿ. ಹುಡುಗ್ರು ನೋಡ್ಕೊಂತಾರೆ ಅಂತ ಬಿಟ್ಟು ಬಿಟ್ಟೇ ಎಷ್ಟೋ ಮನೆಗಳ ಮದುವೆ ಫೋಟೋ, ತೊಟ್ಟಿಲು ಹಾಕಿದ ಫೋಟೋ, ತೀರಿಕೊಂಡೋರ ದನಿ ಎಲ್ಲಾ ಹೋಗ್ಯಾವೆ.

ನನ್ನ ಮಾತು ಮೊದ್ಲೇ ಹೇಳಿಬಿಡ್ತೀನಿ. ಕಂಪ್ಯೂಟರಿಗೆ ಚುಚ್ಚಿದ ಡಿಸ್ಕು ಕಾಣ್ಲಿಲ್ಲ ಅಂದ್ರೆ ಅದರೊಳಗಿಂದು ಹೋಯ್ತು ಅಂತ ಅರ್ಥ ಅಲ್ಲ. ಬಹಳ ಸಲ ಹೋಗೋದು ಆಮೇಲೆ, ನಮ್ಮ ಅವಸರಕ್ಕೆ. ಅದಕ್ಕೇ ಅಂಥ ಡಿಸ್ಕಿಗೆ ಏನು ಮಾಡ್ಬೇಕು ಅಂತ ತೀರ್ಮಾನ ಮಾಡೋರು ಅದರೊಳಗೆ ಏನೇನೈತೆ ಅಂತ ಬಲ್ಲೋರೇ ಆಗ್ಬೇಕು. ನಮ್ಮ ಮನೆಗಳಾಗೆ ಅದನ್ನ ಬಲ್ಲೋರು ನಾವು ಹೆಣ್ಮಕ್ಕಳು.

ನಮ್ಮ ಬಳಗ ನೋಡ್ರಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಅಂತ ನಾಕು ಕಡೆ ಹಂಚಿಹೋಗೈತೆ. ಎಲ್ಲರ ಮನ್ಯಾಗೂ ಅಟ್ಟದ ಮ್ಯಾಲೋ, ಬೀರುವಿನ ಸೀರೆ ನಡುವೆಯೋ ಒಂದು ಕರೀ ಡಬ್ಬಿ ಐತೆ. ರೀಲ್ ಕ್ಯಾಮೆರಾ ಕಾಲದಾಗೆ ಆಲ್ಬಂ ಇರ್ತಿತ್ತು, ಅದರ ಜೊತಿಗೆ ನೆಗೆಟಿವ್ ಅಂತ ಇರ್ತಿತ್ತು. ಫೋಟೋಕ್ಕೆ ನೀರು ಬಿದ್ರೂ ನೆಗೆಟಿವ್ ಇದ್ರೆ ಸ್ಟುಡಿಯೋದಾಗೆ ಕೊಟ್ಟು ಮತ್ತೆ ತೊಳೆಸಿ ತರ್ತಿದ್ವಿ. ಆಮೇಲೆ ಡಿಜಿಟಲ್ ಕ್ಯಾಮೆರಾ ಬಂತು, ಮೊಬೈಲ್ ಬಂತು. ಮದುವೆಗೆ ಮೂರು ಸಾವಿರ ಫೋಟೋ ತೆಗೀತಾರೆ, ಮೂವತ್ತನ್ನೂ ಕಾಗದಕ್ಕೆ ಇಳಿಸಲ್ಲ. ಎಲ್ಲಾ ಆ ಕರೀ ಡಬ್ಬಿಯೊಳಗೆ. ಅದಕ್ಕೆ ನೆಗೆಟಿವ್ ಇಲ್ಲ.

ಆ ಡಬ್ಬಿ ಒಂದಿನ ಕೈ ಕೊಡ್ತೈತೆ. ಲೈಟು ಉರೀತೈತೆ, ಕಂಪ್ಯೂಟರಿನಾಗೆ ಮಾತ್ರ ಕಾಣಂಗಿಲ್ಲ. ಇಲ್ಲಾ ಅಂದ್ರೆ “ಈ ಡಿಸ್ಕು ಬಳಸೋಕೆ ಮುಂಚೆ ಫಾರ್ಮ್ಯಾಟ್ ಮಾಡ್ಬೇಕು, ಮಾಡ್ಲಾ?” ಅಂತ ಪರದೆ ಮ್ಯಾಲೆ ಕೇಳ್ತೈತೆ. ಈ ಪ್ರಶ್ನೆ ಎಷ್ಟು ಮರ್ಯಾದೆಯಿಂದ ಕೇಳ್ತೈತೆ ಅಂದ್ರೆ, ಹೂಂ ಅನ್ನದೇ ಇದ್ರೆ ತಪ್ಪೇನೋ ಅನ್ನಿಸ್ತೈತೆ. ಅಲ್ಲಿ ಒತ್ತಬೇಕಾದ್ದು ‘ಕ್ಯಾನ್ಸಲ್’ ಒಂದೇ.

ಫಾರ್ಮ್ಯಾಟ್ ಅಂದ್ರೇನು ಅಂತ ನಮ್ಮ ಅಡುಗೆಮನೆ ಲೆಕ್ಕದಾಗೆ ಹೇಳ್ತೀನಿ. ಸಾಲಾಗಿ ಐವತ್ತು ಡಬ್ಬಿ ಇಟ್ಟೀವಿ, ಎಲ್ಲದಕ್ಕೂ ಚೀಟಿ ಅಂಟಿಸೀವಿ ಅಂತ ತಿಳ್ಕೊಳ್ರಿ. ಮಳೆಗಾಲದ ತಂಪಿಗೆ ಚೀಟಿ ಎಲ್ಲಾ ಉದುರಿಹೋದ್ವು. ಬ್ಯಾಳೆ ಹೋಯ್ತೇನು? ಇಲ್ಲ. ಡಬ್ಬಿಯೊಳಗೇ ಐತೆ, ಯಾವುದ್ರಾಗೆ ಯಾವುದೈತೆ ಅಂತ ಗೊತ್ತಾಗ್ತಿಲ್ಲ ಅಷ್ಟೆ. ಡಿಸ್ಕಿನಾಗೂ ಫೋಟೋ ಒಂದು ಕಡೆ, ಅದು ಎಲ್ಲೈತೆ ಅನ್ನೋ ಪಟ್ಟಿ ಇನ್ನೊಂದು ಕಡೆ ಇರ್ತೈತೆ. ಬಹಳ ಸಲ ಕೆಟ್ಟಿರೋದು ಪಟ್ಟಿ. ಫಾರ್ಮ್ಯಾಟ್ ಅಂದ್ರೆ ಉಳಿದಿರೋ ಚೀಟಿನೂ ಕಿತ್ತುಹಾಕಿ “ಈ ಡಬ್ಬಿ ಎಲ್ಲಾ ಖಾಲಿ” ಅಂತ ಬರೆಯೋದು. ಆಮೇಲೆ ಹೊಸ ಸಾಮಾನು ತಂದು ಹಳೇದರ ಮ್ಯಾಲೇ ಸುರೀತೀವಿ. ‘ಕ್ವಿಕ್’ ಅನ್ನೋ ಫಾರ್ಮ್ಯಾಟ್ ಚೀಟಿ ಅಷ್ಟೇ ಕೀಳ್ತೈತೆ, ಪೂರ್ತಿ ಫಾರ್ಮ್ಯಾಟ್ ಡಬ್ಬಿನೂ ತೊಳೆದಿಡ್ತೈತೆ. ತೊಳೆದ ಮ್ಯಾಲೆ ಯಾರೂ ವಾಪಸ್ ತರೋಕಾಗಲ್ಲ.

ನಮ್ಮ ಬಳಗದಾಗೇ ನಡೆದಿದ್ದು ಒಂದು ಹೇಳ್ತೀನಿ. ಯಾವ ಊರು, ಯಾವ ಅಂಗಡಿ ಅಂತ ಹೇಳಲ್ಲ, ದುಡಿಯೋ ಹುಡುಗನ ಹೊಟ್ಟೆ ಮ್ಯಾಲೆ ಹೊಡೆಯೋದು ಬ್ಯಾಡ. ಆಕೆ ನನಗೆ ವಾರಗಿತ್ತಿ ಆಗ್ಬೇಕು. ಅವರ ಡಿಸ್ಕು ಕಾಣದಂಗಾಯ್ತು. ಅದರಾಗೆ ಅವರತ್ತೆ ಹಾಡಿದ ಸೋಬಾನೆ ಪದಗಳಿದ್ವು, ಮೊಮ್ಮಗ ಮೊಬೈಲಿನಾಗೆ ಹಿಡಿದು ಡಿಸ್ಕಿಗೆ ಹಾಕಿಟ್ಟಿದ್ದ. ಅತ್ತೆ ತೀರಿಕೊಂಡು ಮೂರು ವರ್ಷ ಆಗಿತ್ತು. ಅಂಗಡಿ ಹುಡುಗ ನೋಡಿ, “ಫಾರ್ಮ್ಯಾಟ್ ಮಾಡಿದ್ರೆ ಸರಿ ಹೋಗ್ತೈತೆ ಆಂಟಿ, ಹತ್ತು ನಿಮಿಷದ ಕೆಲಸ” ಅಂದ. ಆಕೆ ಕೇಳಿದ್ದು ಒಂದೇ ಮಾತು: “ಸರಿ ಹೋಗೋದು ಡಿಸ್ಕೋ, ಅದರಾಗೆ ಇರೋದೋ?” ಹುಡುಗ ಸುಳ್ಳು ಹೇಳ್ಲಿಲ್ಲ, “ಡಿಸ್ಕು” ಅಂದ. ಆಕೆ ಡಿಸ್ಕು ಬ್ಯಾಗಿಗೆ ಹಾಕ್ಕೊಂಡು ಮನೆಗೆ ಬಂದ್ಲು.

ಆಮೇಲೆ ತಿಳಿದೋರ ಕೈಗೆ ಕೊಟ್ರು. ಅವರು ಮೊದ್ಲು ಇಡೀ ಡಿಸ್ಕನ್ನ ಇದ್ದಂಗೇ ಇನ್ನೊಂದು ಡಿಸ್ಕಿಗೆ ನಕಲು ಇಳಿಸ್ಕೊಂಡು, ಆ ನಕಲಿನ ಮ್ಯಾಲೆ ಕೆಲಸ ಮಾಡಿದ್ರು. ‘ಫೋಟೋರೆಕ್’ ಅಂತ ಒಂದು ಪ್ರೋಗ್ರಾಂ ಐತೆ, ದುಡ್ಡಿಲ್ಲ, ಪುಕ್ಕಟೆ. ಪಟ್ಟಿ ಇಲ್ಲದೇ ಇದ್ರೂ ಡಿಸ್ಕಿನ ಮೂಲೆ ಮೂಲೆ ಹುಡುಕಿ ಇದು ಫೋಟೋ, ಇದು ಹಾಡು ಅಂತ ಗುರುತು ಹಿಡಿದು ತೆಗೀತೈತೆ. ಸುಮಾರು ಎಲ್ಲಾ ಬಂತು. ಹಾಡುಗಳಾಗೆ ಎರಡು ಮಾತ್ರ ನಡುವೆ ಹರಿದುಹೋಗಿದ್ವು. ಆದ್ರೆ ಒಂದಕ್ಕೂ ಹೆಸರಿಲ್ಲ! ‘ಚಿಕ್ಕಿ ಮದುವೆ’, ‘ಜಗಳೂರು ಜಾತ್ರೆ’ ಅಂತ ಬರೆದಿದ್ದ ಫೋಲ್ಡರ್ ಯಾವುದೂ ಇಲ್ಲ. ಬರೀ ನಂಬರು, ಸಾವಿರಗಟ್ಟಲೆ.

ಅಲ್ಲಿಂದ ಮುಂದೆ ಕಂಪ್ಯೂಟರ್ ಬಲ್ಲೋರಿಗೆ ಕೆಲಸ ಇರ್ಲಿಲ್ಲ. ಇದು ಯಾರ ಕೂಸು, ಈ ಸೀರೆ ಯಾವ ಮದುವೆಗೆ ಉಟ್ಟಿದ್ದು, ಈ ಹಂದರ ಯಾವ ಮನೆ ಮುಂದಿಂದು ಅಂತ ಗುರುತಿಸಿ ಬೇರೆ ಬೇರೆ ಮಾಡಿದ್ದು ಆಕೆ. ಎರಡು ತಿಂಗಳು ಮಧ್ಯಾಹ್ನ ಮಧ್ಯಾಹ್ನ ಕುಂತು ಮಾಡಿದ್ಲು. ಇದನ್ನ ನೋಡಿದ ಮ್ಯಾಲೇ ನನಗೆ ಖಾತ್ರಿ ಆಗಿದ್ದು: ಡಿಸ್ಕಿನ ಅರ್ಧ ಕೆಲಸ ಮಿಷಿನ್ನಿಂದು, ಇನ್ನರ್ಧ ನಮ್ಮ ನೆನಪಿಂದು. ಅರ್ಧ ಕೆಲಸ ನಮ್ಮದಾದ್ಮೇಲೆ ಮಾತೂ ನಮ್ಮದೇ ನಡೀಬೇಕು.

ಹಂಗಂತ ಕಾಣದ ಡಿಸ್ಕೆಲ್ಲಾ ಕೆಟ್ಟೈತೆ ಅಂತ ಗಾಬರಿ ಬೀಳೋದೂ ಬ್ಯಾಡ. ಮೊದ್ಲು ಹಗುರದ್ದು ನೋಡ್ರಿ. ಆ ಸಣ್ಣ ವೈರು ಒಳಗೇ ಮುರಿದಿರ್ತೈತೆ, ಲೈಟು ಉರಿಯೋಷ್ಟು ಕರೆಂಟ್ ಹೋದ್ರೂ ಒಳಗಿಂದು ಬರಲ್ಲ. ಬ್ಯಾರೆ ವೈರು ಹಾಕ್ರಿ. ದೊಡ್ಡ ಕಂಪ್ಯೂಟರ್ ಆದ್ರೆ ಮುಂದಿನ ತೂತು ಬಿಟ್ಟು ಹಿಂದಿನದಕ್ಕೆ ಚುಚ್ಚಿ ನೋಡ್ರಿ. ನಾಕು ವೈರು ಸೇರಿಸೋ ಹಬ್ ಇದ್ರೆ ತೆಗೆದು ನೇರ ಹಾಕ್ರಿ, ಡಿಸ್ಕಿಗೆ ಕರೆಂಟ್ ಸಾಲದೇ ಇರಬೋದು. ಇನ್ನೊಬ್ಬರ ಮನೆ ಕಂಪ್ಯೂಟರಿನಾಗೆ ನೋಡ್ರಿ. ಆಗ್ಲೂ ಕಾಣ್ಲಿಲ್ಲ ಅಂದ್ರೆ, ಸ್ಟಾರ್ಟ್ ಗುಂಡಿ ಮ್ಯಾಲೆ ಮೌಸಿನ ಬಲಗಡೆ ಒತ್ತಿದ್ರೆ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ಅಂತ ಬರ್ತೈತೆ, ಅಲ್ಲಿ ನೋಡ್ರಿ. ಡಿಸ್ಕು ಅಲ್ಲಿ ಸರಿಯಾಗೇ ಇದ್ದು ಇ, ಎಫ್, ಜಿ ಅನ್ನೋ ಅಕ್ಷರ ಒಂದು ಸಿಕ್ಕಿಲ್ಲದೇ ಇರಬೋದು. ಅಕ್ಷರ ಕೊಟ್ರೆ ಎದ್ದು ಕುಂತ್ಕೊಂತೈತೆ. ಇದರಿಂದ ಒಳಗಿಂದಕ್ಕೆ ಏನೂ ಆಗಲ್ಲ. ಆದ್ರೆ ಅದೇ ಜಾಗದಾಗೆ ‘ರಾ’ ಅಂತಲೋ, ‘ನಾಟ್ ಇನಿಷಿಯಲೈಸ್ಡ್’ ಅಂತಲೋ, ‘ಅನ್‌ಅಲೊಕೇಟೆಡ್’ ಅಂತಲೋ ಬಂದಿದ್ರೆ ಕೈ ತೆಗೀರಿ. ಅದು ಏನು ಕೇಳಿದ್ರೂ ಓಕೆ ಅನ್ನಬ್ಯಾಡ್ರಿ. ‘ಚೆಕ್‌ಡಿಸ್ಕ್ ಓಡಿಸ್ತೀನಿ ತಡಿ’ ಅನ್ನೋ ಅಳಿಯಂದಿರನ್ನೂ ತಡೀರಿ. ಸಾಯೋ ಸ್ಥಿತಿಯ ಡಿಸ್ಕಿಗೆ ಅದು ಇನ್ನಷ್ಟು ಪೆಟ್ಟು ಕೊಡಬೋದು.

ಇನ್ನೊಂದು, ಕಿವಿ ಕೊಟ್ಟು ಕೇಳ್ರಿ. ಟಿಕ್ ಟಿಕ್ ಅಂತಲೋ, ಕರ ಕರ ಅಂತಲೋ ಸದ್ದು ಬಂದ್ರೆ ಆ ಕ್ಷಣವೇ ಕಿತ್ತುಬಿಡ್ರಿ. ಹಳೇ ಥರದ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ಒಂದು ನಿಮಿಷಕ್ಕೆ 5400 ಸುತ್ತೋ, 7200 ಸುತ್ತೋ ತಿರುಗ್ತಾವೆ. ಓದೋ ಮುಳ್ಳು ಆ ತಟ್ಟೆಗೆ ತಾಗದಂಗೆ ಮ್ಯಾಲೆ ತೇಲ್ತಿರ್ತೈತೆ. ನಡುವಿನ ಸಂದು ನಮ್ಮ ತಲೆಗೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿಗಿಂತ ಕಡಿಮೆ. ಮುಳ್ಳು ಕೆಟ್ಟು ತಟ್ಟೆಗೆ ತಾಗಿತು ಅಂದ್ರೆ ಪ್ರತಿ ಸುತ್ತಿಗೂ ನಮ್ಮ ಫೋಟೋ ಕೆರೆದುಹೋಗ್ತಿರ್ತಾವೆ. “ಇನ್ನೊಂದ್ಸಲ ನೋಡಾಣ” ಅಂತ ಹಾಕೋದು ಅಂದ್ರೆ ಇನ್ನೊಂದ್ಸಲ ಕೆರೆಯೋದು. ಹಿಂಗಾದ ಡಿಸ್ಕನ್ನ ಧೂಳಿಲ್ಲದ ಕೋಣೆಯಾಗೆ ಬಿಚ್ಚೋ ವ್ಯವಸ್ಥೆ ಇರೋ ಕಡೆಗೇ ಕೊಡ್ಬೇಕು, ಅಂಥವು ಬೆಂಗಳೂರಿನಂಥ ದೊಡ್ಡ ಊರಿನಾಗೆ ಅದಾವೆ. ಮನೆ ಜಗಲಿ ಮ್ಯಾಲೆ ಸ್ಕ್ರೂಡ್ರೈವರ್ ಹಿಡಿದು ಬಿಚ್ಚೋ ಕೆಲಸ ಅಲ್ಲ. ಹಳೇದೊಂದು ಮಾತೈತೆ, ಡಿಸ್ಕನ್ನ ಪ್ಲಾಸ್ಟಿಕ್ ಕವರಿನಾಗೆ ಕಟ್ಟಿ ಫ್ರಿಜ್ಜಿನಾಗೆ ಇಟ್ರೆ ಸರಿ ಹೋಗ್ತೈತೆ ಅಂತ. ಫ್ರಿಜ್ಜಿನಿಂದ ತೆಗೆದ ಚೊಂಬಿನ ಮ್ಯಾಲೆ ನೀರು ಹನಿಗಟ್ಟೋದು ನೋಡೀರಲ್ಲ, ಆ ತಟ್ಟೆಯ ಮ್ಯಾಲೂ ಹಂಗೇ. ಫ್ರಿಜ್ಜು ಮೊಸರಿಗೆ ಇರ್ಲಿ.

ಪೆನ್‌ಡ್ರೈವ್, ಹೊಸ ಲ್ಯಾಪ್‌ಟಾಪಿನ ಎಸ್‌ಎಸ್‌ಡಿ ಇವು ಸದ್ದು ಮಾಡಲ್ಲ. ಅವು ಒಂದು ದಿನ ಸುಮ್ನೆ ಮಾತು ಬಿಡ್ತಾವೆ. ಎಸ್‌ಎಸ್‌ಡಿ ಇನ್ನೂ ಚಲಾಕು, ಅಳಿಸಿದ್ದನ್ನ ತಾನೇ ಹಿಂದಿಂದೆ ಗುಡಿಸಿ ಸಾರಿಸಿಬಿಡ್ತೈತೆ. ಅದಕ್ಕೇ ಅದರಾಗಿಂದು ಅಳಿಸಿಹೋದ್ರೆ ಹಳೇ ಡಿಸ್ಕಿನಂಗೆ ಸಿಗೋದು ಕಷ್ಟ. ಹೊಸ ಲ್ಯಾಪ್‌ಟಾಪಿನಾಗೆ ಬಹಳಷ್ಟಕ್ಕೆ ಒಳಗಿಂದೊಳಗೇ ಬೀಗ ಬಿದ್ದಿರ್ತೈತೆ. ಲ್ಯಾಪ್‌ಟಾಪ್ ಕೆಟ್ಟು ಡಿಸ್ಕು ಹೊರಗೆ ತೆಗೆದ್ರೆ 48 ಅಂಕಿಯ ಕೀಲಿ ಕೇಳ್ತೈತೆ. ಆ ಕೀಲಿ ಮೈಕ್ರೋಸಾಫ್ಟ್ ಅಕೌಂಟಿನಾಗೆ ಇರ್ತೈತೆ. ಮಗಳ ಲ್ಯಾಪ್‌ಟಾಪ್ ಚಂದಾಗಿ ನಡೀತಿರುವಾಗ್ಲೇ ಅದನ್ನ ಒಂದು ಹಾಳೆ ಮ್ಯಾಲೆ ಬರೆಸಿ, ಪಾಸ್‌ಬುಕ್ ಇಡೋ ಕಡೆ ಇಟ್ಕೊಳ್ರಿ.

“ಸತ್ತ ಡಿಸ್ಕಿನಿಂದ ಏನು ಬರ್ತೈತೆ ಬಿಡು” ಅನ್ನೋರಿಗೆ ನಾನು ಒಂದು ಕತೆ ಹೇಳ್ತೀನಿ, ಇದು ನಡೆದಿದ್ದು. 2003ರ ಫೆಬ್ರವರಿ 1ಕ್ಕೆ ಕೊಲಂಬಿಯಾ ನೌಕೆ ಭೂಮಿಗೆ ವಾಪಸ್ ಬರುವಾಗ ಆಕಾಶದಾಗೇ ಚೂರಾಯ್ತು. ನಮ್ಮ ಕಲ್ಪನಾ ಚಾವ್ಲಾ ಸೇರಿ ಏಳು ಜನ ಹೋದ್ರು. ಅಷ್ಟೆತ್ತರದಿಂದ ಸುಟ್ಟು ಬಿದ್ದ ಸಾಮಾನಿನಾಗೆ ಒಂದು ಹಾರ್ಡ್ ಡಿಸ್ಕು ಸಿಕ್ಕಿತು. ಮ್ಯಾಲಿಂದೆಲ್ಲಾ ಕರಗಿ ಕರಕಲಾಗಿತ್ತು. ತಿಳಿದೋರು ಒಳಗಿನ ತಟ್ಟೆ ತೆಗೆದು ತೊಳೆದು ಬ್ಯಾರೆ ಡಿಸ್ಕಿನೊಳಗೆ ಕೂರಿಸಿ ಓದಿದ್ರು, ಶೇಕಡಾ 99ರಷ್ಟು ಸಿಕ್ತು. ಅಂತರಿಕ್ಷದಾಗೆ ಮಾಡಿದ್ದ ಪ್ರಯೋಗದ ಫಲ 2008ರಲ್ಲಿ ಅಚ್ಚಾಯ್ತು. ಆಕಾಶದಿಂದ ಬಿದ್ದಿದ್ದೇ ಬದುಕಿಕೊಂಡೈತೆ, ನಮ್ಮ ಟೇಬಲ್ ಮ್ಯಾಲಿಂದ ಬಿದ್ದಿದ್ದು ಯಾಕೆ ಬದುಕಬಾರದು? ಆದ್ರೆ ಒಂದು. ಅದನ್ನ ಯಾರೂ ಫಾರ್ಮ್ಯಾಟ್ ಮಾಡಿರ್ಲಿಲ್ಲ.

ದುಡ್ಡಿನ ಮಾತು ಬರ್ತೈತೆ. ಬಿಚ್ಚಿ ತೆಗೆಯೋ ಕೆಲಸಕ್ಕೆ ಸಾವಿರಗಟ್ಟಲೆ, ಕೆಲವು ಸಲ ಹತ್ತಾರು ಸಾವಿರ ಆಗ್ತೈತೆ. ಮನೆ ಗಂಡಸರು ಏನಂತಾರೆ? “ಅಡಿಕೆ ಲೆಕ್ಕ ಇದ್ರೆ ಕೊಡಾಣ, ಫೋಟೋಕ್ಕೆಲ್ಲಾ ಯಾರು ಅಷ್ಟು ಕೊಡ್ತಾರೆ?” ಇಲ್ಲೇ ನನ್ನ ತಕರಾರು. ಲೆಕ್ಕ ಉಲ್ಟಾ ಐತೆ. ಪಹಣಿ ಹೋದ್ರೆ ನಾಡಕಚೇರಿಯಾಗೆ ಸಿಗ್ತೈತೆ, ‘ಭೂಮಿ’ಯೊಳಗೆ ಅದು ಕಂಪ್ಯೂಟರಿಗೆ ಹೋಗಿ 20 ವರ್ಷದ ಮ್ಯಾಲಾಯ್ತು. ಆಧಾರ್ ಮತ್ತೆ ತೆಗೀಬೋದು. ಈಚಿನ ವರ್ಷಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಡಿಜಿಲಾಕರಿನಾಗೆ ಐತೆ, ಹಳೇದಕ್ಕೆ ಬೋರ್ಡಿಗೆ ಅರ್ಜಿ ಹಾಕ್ಬೋದು. ಅಡಿಕೆ ಲೆಕ್ಕ ಮಂಡಿಯಾಗೂ ಇರ್ತೈತೆ. ಇವೆಲ್ಲಕ್ಕೂ ಇನ್ನೊಂದು ಕಡೆ ಇನ್ನೊಂದು ಪ್ರತಿ ಐತೆ. ಅತ್ತೆ ಹಾಡಿದ ಸೋಬಾನೆ ಯಾವ ಕಚೇರಿಯಾಗೈತೆ? ದುಡ್ಡು ಕೊಡೋದೇ ಆದ್ರೆ, ಎಲ್ಲೂ ಮತ್ತೆ ಸಿಗದೇ ಇರೋದಕ್ಕೆ ಕೊಡ್ಬೇಕು. ಎಷ್ಟಾಗ್ತೈತೆ, ಸಿಗದೇ ಇದ್ರೆ ಎಷ್ಟು ತಗೊಂತೀರಿ ಅಂತ ಮೊದ್ಲೇ ಚೀಟಿ ಮ್ಯಾಲೆ ಬರೆಸ್ಕೊಳ್ರಿ.

ಇನ್ನೊಂದು ಮಾತು, ನಮ್ಮ ನಮ್ಮಲ್ಲೇ ಇರ್ಲಿ. ಡಿಸ್ಕಿನಾಗೆ ನಮ್ಮ ಹೆಣ್ಮಕ್ಕಳ ಫೋಟೋ ಇರ್ತಾವೆ. ಬಾಣಂತಿ ಕೋಣೆದು, ಕೂಸಿಗೆ ಎರೆಯುವಾಗಿಂದು, ನೀರು ಹಾಕೋ ಶಾಸ್ತ್ರದ್ದು, ಎಲ್ಲಾ. ಯಾರ ಕೈಗೋ ಕೊಟ್ಟು “ನಾಳೆ ಬರ್ತೀವಿ” ಅಂತ ಬರಬ್ಯಾಡ್ರಿ. ಗುರುತಿರೋರ ಮೂಲಕ ಕೊಡ್ರಿ. ಕೆಲಸ ಮುಗಿದ ಮ್ಯಾಲೆ ಅವರ ಕಂಪ್ಯೂಟರಿನಾಗೆ ಉಳಿದ ಪ್ರತಿ ನಿಮ್ಮ ಮುಂದೇ ಅಳಿಸ್ರಿ ಅಂತ ಹೇಳ್ರಿ. ಹಂಗೆ ಹೇಳೋದು ಅನುಮಾನ ಅಲ್ಲ, ಶಿಸ್ತು. ಬೀಗ ಹಾಕಿ ಊರಿಗೆ ಹೋಗೋರು ಓಣಿಯೋರ ಮ್ಯಾಲೆಲ್ಲಾ ಅನುಮಾನ ಪಟ್ಟಂಗಲ್ಲವಲ್ಲ.

ಇಷ್ಟೆಲ್ಲಾ ಹೇಳಿದ್ರೂ, ಕೆಟ್ಟ ಮ್ಯಾಲೆ ತೆಗೆಸೋದು ಎರಡನೇ ಮಾತು. ಮೊದಲನೇದು ಇದು: ಯಾವುದೂ ಒಂದೇ ಕಡೆ ಇರಬಾರದು. ನಮಗೆ ಇದನ್ನ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹೆಪ್ಪು ಹೆಂಗೆ ಇಟ್ಕೊಂತೀವಿ? ನಮ್ಮನೆ ಮೊಸರು ಕೆಟ್ಟ ದಿನ ಪಕ್ಕದ ಮನೆಯಿಂದ ಒಂದು ಚಮಚ ತರ್ತೀವಿ. ಆಕೆ ಹೋದ ವಾರ ನಮ್ಮನೆಯಿಂದ್ಲೇ ಒಯ್ದಿದ್ದು ಅದು. ನಮ್ಮದೇ ನಮಗೆ ವಾಪಸ್ ಬಂತು. ಚನ್ನಗಿರಿ ಸೀಮೆಯ ಸೂಳೆಕೆರೆ ನೋಡ್ರಿ, ಶಾಂತಿಸಾಗರ ಅಂತಾರಲ್ಲ, ಅಷ್ಟು ದೊಡ್ಡ ನೀರಿಗೆ ಹಿರಿಯರು ಒಂದೇ ತೂಬು ನಂಬಲಿಲ್ಲ. ಸಿದ್ಧ, ಬಸವ ಅಂತ ಎರಡು ಇಟ್ರು. ಫೋಟೋ ತೆಗೆಯೋ ಕಸುಬಿನೋರು ಇದಕ್ಕೆ ಒಂದು ಲೆಕ್ಕ ಹೇಳ್ತಾರೆ: ಮೂರು ಪ್ರತಿ, ಎರಡು ಥರದ ವಸ್ತುವಿನ ಮ್ಯಾಲೆ, ಅದರಾಗೆ ಒಂದು ಬ್ಯಾರೆ ಊರಿನಾಗೆ.

ಬ್ಯಾರೆ ಮನೆಯ ಪ್ರತಿ ಎಂಥ ಕೆಲಸ ಮಾಡ್ತೈತೆ ಅನ್ನೋದಕ್ಕೆ ಇನ್ನೊಂದು ನಡೆದ ಸಂಗತಿ ಐತೆ. ಮಕ್ಕಳು ನೋಡೋ ‘ಟಾಯ್ ಸ್ಟೋರಿ 2’ ಸಿನಿಮಾ 1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಾಗೆ ತಯಾರಾಗ್ತಿತ್ತು. ಯಾರೋ ಕೊಟ್ಟ ಒಂದು ತಪ್ಪು ಆದೇಶಕ್ಕೆ ಸಿನಿಮಾದ ಬಹುಪಾಲು ಅಳಿಸಿಹೋಯ್ತು. ಕಾಪಿ ತೆಗೆದ್ರೆ ಕಾಪಿಯೂ ಸರಿ ಇಲ್ಲ. ಆಗ ಗ್ಯಾಲಿನ್ ಸುಸ್‌ಮನ್ ಅನ್ನೋ ಹೆಣ್ಮಗಳು, ಕೂಸು ಹುಟ್ಟಿದೆ ಅಂತ ಮನೆಯಿಂದ್ಲೇ ಕೆಲಸ ಮಾಡೋಕೆ ಒಂದು ಪ್ರತಿ ತನ್ನ ಮನೆ ಕಂಪ್ಯೂಟರಿನಾಗೆ ಇಟ್ಕೊಂಡಿದ್ದು ನೆನಪಾಯ್ತು. ಆ ಕಂಪ್ಯೂಟರನ್ನ ಕಂಬಳಿ ಸುತ್ತಿ ಕಾರಿನಾಗೆ ಕೂರಿಸ್ಕೊಂಡು ಸ್ಟುಡಿಯೋಕ್ಕೆ ತಂದ್ರು. ಅಷ್ಟು ದೊಡ್ಡ ಕಂಪನಿಯ ಕೆಲಸ ಉಳಿಸಿದ್ದು ಒಬ್ಬ ಬಾಣಂತಿ ಮನೆಯ ಪ್ರತಿ.

“ಗೂಗಲಿನಾಗೆ ಇರ್ತಾವೆ ಬಿಡಕ್ಕ” ಅಂತಾರೆ ಸೊಸೆಯಂದಿರು. ಇರ್ಲಿ, ಒಳ್ಳೇದೇ, ಅದೂ ಒಂದು ಪ್ರತಿ. ಆದ್ರೆ ಪುಕ್ಕಟೆ ಜಾಗ 15 ಜಿಬಿ ಅಷ್ಟೇ, ಅದರಾಗೆ ಮೇಲ್ ಕೂಡ ಸೇರ್ತೈತೆ. ತುಂಬಿದ ಮ್ಯಾಲೆ ಹೊಸ ಫೋಟೋ ಹೋಗ್ತಿಲ್ಲ ಅಂತ ಎಷ್ಟು ಜನಕ್ಕೆ ಗೊತ್ತೈತೆ? ಇನ್ನೊಂದು ಮುಖ್ಯ. ಎರಡು ವರ್ಷ ಯಾರೂ ತೆರೆಯದ ಅಕೌಂಟನ್ನ ಅಳಿಸಬೋದು ಅಂತ ಅವರ ನಿಯಮ ಐತೆ. ಮಾವನೋರು ತೀರಿಕೊಂಡ ಮ್ಯಾಲೆ ಅವರ ಮೊಬೈಲು ಬೀರುವಿನಾಗೆ ಸುಮ್ನೆ ಬಿದ್ದಿದ್ರೆ, ಅವರ ಫೋಟೋಗಳು ಮೋಡದಾಗೆ ಸುಖವಾಗಿ ಅದಾವೆ ಅಂತ ನಂಬಿ ಕೂರಬ್ಯಾಡ್ರಿ. ಈಗ್ಲೇ ಇಳಿಸ್ಕೊಳ್ರಿ.

“ಅಷ್ಟೊಂದು ಫೋಟೋ ಯಾಕೆ, ಹೋದ್ರೆ ಹೋಗ್ಲಿ” ಅನ್ನೋರೂ ಅದಾರೆ. ಅವರ ಮಾತಿನಾಗೂ ನಿಜ ಐತೆ. ಒಂದೇ ಪೋಸಿನ ಇಪ್ಪತ್ತು ಫೋಟೋ, ದಿನಾ ಬರೋ ಗುಡ್ ಮಾರ್ನಿಂಗ್ ಹೂವು ಇವನ್ನ ಕಾಯೋದು ಬ್ಯಾಡ. ತೆಗೆದುಹಾಕ್ರಿ, ಜಾಗ ಉಳೀತೈತೆ. ಆದ್ರೆ ಯಾವುದು ಹೋಗ್ಬೇಕು ಅಂತ ನಾವು ಆರಿಸ್ಬೇಕು. ವೈರು ಕೆಟ್ಟಿದ್ದು, ಕರೆಂಟ್ ಹೋಗಿ ಬಂದಿದ್ದು, ಅವಸರದ ಹುಡುಗ ಒತ್ತಿದ ಗುಂಡಿ ಆರಿಸಬಾರದು.

ಹಂಗಾಗಿ ನನ್ನದೊಂದು ಸೂಚನೆ. ಆಯುಧ ಪೂಜೆ ದಿನ ಕಂಪ್ಯೂಟರಿಗೂ ಕುಂಕುಮ ಹಚ್ಚಿ ಹೂವು ಏರಿಸ್ತೀವಲ್ಲ, ಅವತ್ತೇ ಡಿಸ್ಕಿನ ಪ್ರತಿ ಮಾಡಿಸ್ರಿ. ಯುಗಾದಿಗೆ ಇನ್ನೊಂದ್ಸಲ. ಎರಡನೇ ಡಿಸ್ಕು ಒಂದು ಒಳ್ಳೆ ಸೀರೆ ದುಡ್ಡಿನಾಗೆ ಬರ್ತೈತೆ. ಅದನ್ನ ನಿಮ್ಮನೆಯಾಗೆ ಇಟ್ಕೋಬ್ಯಾಡ್ರಿ. ಚನ್ನಗಿರಿದು ಜಗಳೂರಿನಾಗೆ ಇರ್ಲಿ, ಜಗಳೂರಿಂದು ಚನ್ನಗಿರಿಯಾಗೆ. ಹೊನ್ನಾಳಿದೂ ನ್ಯಾಮತಿದೂ ಹತ್ತಿರ ಹತ್ತಿರ, ಹಬ್ಬಕ್ಕೆ ಹೋಗಿ ಬರುವಾಗ ಅದಲು ಬದಲು ಮಾಡ್ಕೊಂಡ್ರೆ ಆಯ್ತು. ಕೊಡೋ ಮುಂದೆ ಚುಚ್ಚಿ, ನಾಕು ಫೋಟೋ ತೆರೆದು ನೋಡಿ ಕೊಡ್ರಿ, ಕಾಪಿ ಆಗೈತೆ ಅಂತ ಬರೀ ನಂಬಿಕೆ ಮ್ಯಾಲೆ ಬ್ಯಾಡ. ಡಬ್ಬಿ ಮ್ಯಾಲೆ ಹೆಸರು, ವರ್ಷ ಬರೆದು ಅಂಟಿಸ್ರಿ. ಬಹಳ ಬೇಕಾದ ಐವತ್ತು ಫೋಟೋ ಆರಿಸಿ ಕಾಗದಕ್ಕೆ ಇಳಿಸ್ರಿ, ಹಿಂದೆ ಹೆಸರು ಬರೀರಿ. ಕಾಗದಕ್ಕೆ ವೈರು ಬ್ಯಾಡ.

ಈ ನಡುವೆ ಯಾರ ಮನೆ ಡಿಸ್ಕಾದ್ರೂ ಕಾಣದೇ ಹೋದ್ರೆ, ಕಿತ್ತು ಒಂದು ಕಡೆ ಇಡ್ರಿ. ಒಂದು ವಾರ ತಡ ಆದ್ರೂ ಅದಕ್ಕೇನೂ ಆಗಲ್ಲ. ಅಂಗಡಿಗೆ ಹೋದಾಗ ನಮ್ಮ ವಾರಗಿತ್ತಿ ಕೇಳಿದಂಗೇ ಕೇಳ್ರಿ, ಸರಿ ಹೋಗೋದು ಡಿಸ್ಕೋ, ಅದರಾಗೆ ಇರೋದೋ ಅಂತ. “ಡಿಸ್ಕು” ಅಂದ್ರೆ ಎದ್ದು ಬರ್ರಿ.